ಹನ್ನೆರಡನೆಯ ಪಾಲು

ಸುಣ್ಣವೂ ಇರಬಹುದು ಎಂದುಕೊಳ್ಳುತ್ತ ಸುಧೀರ ಗುಳಿಗೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ಕನ್ನಡಿಯ ಮುಂದೆ ನಿಂತ. ಕಹಿ ಅನ್ನಿಸಲಿಲ್ಲ. ಸಿಹಿಯೂ ಅನ್ನಿಸಲಿಲ್ಲ. ಹತ್ತು ತಿಂಗಳಿಂದ ದಿನಾ ಬೆಳಿಗ್ಗೆ ಈ ಪರೀಕ್ಷೆ ನಡೆಯುತ್ತಿತ್ತು, ಫಲಿತಾಂಶ ಮಾತ್ರ ಹೊರಬಿದ್ದಿರಲಿಲ್ಲ. ಬಾಯಲ್ಲಿ ಕರಗುವ ಮೊದಲು ನೀರು ಕುಡಿದು ನುಂಗಿದ.

"ಇವತ್ತ ಏನಂತದ ನಾಲಿಗಿ?" ಅಡಿಗೆಮನೆಯಿಂದ ಹೆಂಡತಿ ಶ್ರೀವಾಣಿ ಕೇಳಿದಳು.

"ಏನೂ ಅನ್ನೂದಿಲ್ಲ."

"ಸಂಜೀ ತನಕಾ ತಡೀರಿ. ಲಕೋಟಿ ಒಡೀತಾರಲ್ಲ."

ಹೌದು, ಇವತ್ತು ಗೊತ್ತಾಗುವುದಿತ್ತು. ಅದಕ್ಕೇ ನಸುಕಿನಲ್ಲೇ ಎಚ್ಚರವಾಗಿತ್ತು. ಅದಕ್ಕೇ, ಯಾರ ಮದುವೆಯೂ ಇಲ್ಲದಿದ್ದರೂ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ.

ಹೋದ ಮಾರ್ಚಿನಲ್ಲಿ ಇಂಡಿ ಊರಿನ ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ ಮಾಡುತ್ತಿದ್ದಾಗ ಎದೆಯ ಮೇಲೆ ಯಾರೋ ಮೊಣಕಾಲೂರಿ ಕೂತ ಹಾಗಾಗಿ, ಸುಧೀರ ಮೂರನೆಯ ಬೆಂಚಿನ ಪಕ್ಕ ಕುಸಿದಿದ್ದ. ನಲವತ್ತೇಳು ವರ್ಷ. ನಾಲ್ಕು ಹುಡುಗರು ಅವನನ್ನು ಎತ್ತಿ ಜೀಪಿಗೆ ಹಾಕಿದರು. ಉಳಿದವರು ಆ ಇಪ್ಪತ್ತು ನಿಮಿಷದಲ್ಲಿ ನೆಮ್ಮದಿಯಿಂದ ನಕಲು ಮಾಡಿದರು. ಆ ವರ್ಷ ಅವನು ಕಲಿಸುವ ಸಂಖ್ಯಾಶಾಸ್ತ್ರದ ಫಲಿತಾಂಶ ಎಂದೂ ಬಾರದಷ್ಟು ಚೆನ್ನಾಗಿ ಬಂತು. ಪ್ರಿನ್ಸಿಪಾಲರು ಅವನನ್ನು ಅಭಿನಂದಿಸಿದರು.

ಬಿಜಾಪುರದ ಆಸ್ಪತ್ರೆಯಲ್ಲಿ, ಜೀವ ಉಳಿಯಿತು ಎಂದು ಖಾತ್ರಿಯಾದ ಮೇಲೆ, ಡಾಕ್ಟರ್ ರಾಜೇಶ್ವರಿ ಎಂಬ ಮೂವತ್ತು ದಾಟದ ಹುಡುಗಿ ನಾಲ್ಕು ಪುಟದ ಒಪ್ಪಿಗೆ ಪತ್ರ ತಂದಳು. ಹೃದಯಾಘಾತವಾದ ಮೇಲೂ ಹೃದಯದ ರಕ್ತನಾಳದ ಒಳಗೋಡೆಯಲ್ಲಿ ಉರಿಯೂತ ಉಳಿದಿರುತ್ತದೆ, ಅದು ಇನ್ನೊಂದು ಆಘಾತಕ್ಕೆ ದಾರಿಯಾಗಬಹುದು. ಆ ಉರಿಯನ್ನು ತಗ್ಗಿಸುವ ಹೊಸ ಗುಳಿಗೆಯೊಂದನ್ನು ಪರೀಕ್ಷೆ ಮಾಡುತ್ತಿದ್ದಾರೆ. ಬೇರೆಲ್ಲ ಔಷಧಿ ಎಲ್ಲರಿಗೂ ಒಂದೇ. ಇದು ಮಾತ್ರ ಅರ್ಧ ಜನಕ್ಕೆ ನಿಜದ್ದು, ಇನ್ನರ್ಧ ಜನಕ್ಕೆ ನೋಡಲು ಹಾಗೇ ಇದ್ದು ಒಳಗೆ ಏನೂ ಇಲ್ಲದ್ದು, ಬರೀ ಸುಣ್ಣ. ಯಾರಿಗೆ ಯಾವುದು ಎಂದು ಮುಂಬೈಯ ಕಂಪ್ಯೂಟರು ಚೀಟಿ ಎತ್ತುತ್ತದೆ. ರೋಗಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ, ಕಡೆಯ ದಿನ ಲಕೋಟೆ ಒಡೆದಾಗಲೇ ತಿಳಿಯುವುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹನ್ನೆರಡು ಜನ ಒಪ್ಪಿದರು. ನಾಲ್ಕೂ ಪುಟ ಓದಿದವನು ಸುಧೀರ ಒಬ್ಬನೇ. ಎರಡು ಅಕ್ಷರದೋಷ ತಿದ್ದಿ ಸಹಿ ಹಾಕಿದ.

ಪತ್ರದಲ್ಲಿ ಎಲ್ಲೂ ಬರೆದಿರದ ತೊಂದರೆಯೊಂದು ಆಮೇಲೆ ಶುರುವಾಯಿತು. ಸುಧೀರನಿಗೆ ಸುಖವಾಗತೊಡಗಿತು.

ಅದಕ್ಕೆ ಬೇರೆ ಯಾವ ಮಾತೂ ಹೊಂದುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅವನು ತನ್ನ ಬದುಕನ್ನು ಯಾರಿಂದಲೋ ಕಡ ತಂದ ಸೈಕಲ್ಲಿನ ಹಾಗೆ, ಗೀರು ಬೀಳಬಾರದೆಂದು, ಹುಷಾರಾಗಿ ತಳ್ಳಿಕೊಂಡು ಬಂದಿದ್ದ. ಈಗ ಸ್ನಾನದ ಮನೆಯಲ್ಲಿ ಹಾಡು ಗುನುಗುತ್ತಿದ್ದ. ಪಾಠದ ನಡುವೆ ತಾನೇ ಹೇಳಿದ ಚೇಷ್ಟೆಗೆ ತಾನೇ ನಕ್ಕು ಹುಡುಗರನ್ನು ಗಾಬರಿ ಮಾಡಿದ್ದ. ಸಂತೆಯಲ್ಲಿ ಸುಮ್ಮನೆ ನಿಂತು ಹಸಿ ಮೆಣಸಿನಕಾಯಿಯ ರಾಶಿ ನೋಡುತ್ತಿದ್ದ. ಸಂತೋಷ ಎಂದರೆ ಇದೇ ಇರಬೇಕು ಎಂದು ಅವನಿಗೆ ಅನುಮಾನ ಬಂದಿತ್ತು.

ಆದರೆ ಅದಕ್ಕೊಂದು ಆಧಾರ ಬೇಕಲ್ಲ. ಗುಳಿಗೆ ನಿಜದ್ದಾಗಿದ್ದರೆ ಒಳಗಿನ ಉರಿ ಆರಿದೆ, ಮನಸ್ಸು ತಣ್ಣಗಿದೆ, ಸರಿ. ಸುಣ್ಣವಾಗಿದ್ದರೆ? ಒಳಗೆ ಬೆಂಕಿ ಹಾಗೇ ಇದೆ, ಮೇಲೆ ಕೂತು ಇವನು ಹಾಡು ಗುನುಗುತ್ತಿದ್ದಾನೆ. ಹತ್ತು ತಿಂಗಳು ಸುಮ್ಮಸುಮ್ಮನೆ ನಕ್ಕ ಹಾಗಾಯಿತು.

"ಸುಖ ಆಗೇದಲ್ಲ, ಮುಗೀತು," ಎಂದಳು ಡಬ್ಬಿ ಕಟ್ಟುತ್ತಿದ್ದ ಶ್ರೀವಾಣಿ, ಈ ಲೆಕ್ಕವನ್ನು ಇವತ್ತೂ ಅವನ ಬಾಯಿಂದ ಕೇಳಿ. "ಅದಕ್ಕೂ ಒಂದು ಸರ್ಟಿಫಿಕೇಟ್ ಬೇಕೇನು?"

"ಬೇಕು."

ಅವಳು ಡಬ್ಬಿ ಕಟ್ಟುವುದನ್ನು ನಿಲ್ಲಿಸಿದಳು. "ಇವತ್ತ ಕಡೀ ದಿನ ಅದ. ತಪಾಸಣಿ ಆದ ಮ್ಯಾಲೆ ಆ ಹನ್ನೊಂದು ಮಂದಿ ಜೋಡಿನ ಕೂತು ಊಟಾ ಮಾಡ್ರಿ. ಡಬ್ಬಿ ಬ್ಯಾಡ."

"ಅವರದು ಉಪ್ಪು ಜಾಸ್ತಿ ಇರ್ತದ. ಡಾಕ್ಟರ್ ಬ್ಯಾಡ ಅಂದಾರ."

"ಉಪ್ಪಂತ," ಎಂದಷ್ಟೇ ಅಂದು ಅವಳು ಎರಡು ಚಪಾತಿ, ಸಪ್ಪೆ ಹೀರೇಕಾಯಿ ಪಲ್ಯ ಹಾಕಿ ಡಬ್ಬಿಯ ಕೊಂಡಿ ಬಿಗಿದಳು.

ಸುಧೀರ ಜನಿವಾರವನ್ನು ತೆಗೆದಿಟ್ಟು ಹದಿನೆಂಟು ವರ್ಷವಾಗಿತ್ತು. ಅದರ ಮೇಲೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಲೇಖನವನ್ನೂ ಬರೆದಿದ್ದ. ಅವನ ಗಂಟಲು ಮಾತ್ರ ಆ ಲೇಖನ ಓದಿರಲಿಲ್ಲ. ಕಂಡವರ ಸಾಲಿನಲ್ಲಿ ಕೂತು, ಕಂಡವರ ಕೈಯಿಂದ ನೀಡಿಸಿಕೊಂಡು ಉಣ್ಣುವಾಗ ತುತ್ತು ಅಲ್ಲೇ ನಿಲ್ಲುತ್ತಿತ್ತು. ಹೃದಯಾಘಾತವಾದ ಮೇಲೆ ಅದಕ್ಕೆ ಉಪ್ಪು ಎಂಬ ಮರ್ಯಾದಸ್ಥ ಹೆಸರು ಸಿಕ್ಕಿತ್ತು.

ತಪಾಸಣೆಗೆ ಹೋಗುವ ದೇವರ ಹಿಪ್ಪರಗಿಯ ಬಸ್ಸಿನಲ್ಲಿ ಅಮಸಿದ್ದ ಜಾಗ ಹಿಡಿದಿಟ್ಟಿದ್ದ. ಹೊರ್ತಿಯ ಕುರಿಗಾರ, ಅರವತ್ತರ ಆಸುಪಾಸು, ಹನ್ನೆರಡು ಜನರಲ್ಲಿ ಒಬ್ಬ. ಕುರಿ ಎಣಿಸುತ್ತಿದ್ದಾಗ ಎದೆನೋವು ಬಂದು, ಎಣಿಕೆ ಮುಗಿಸಿಯೇ ಮಲಗಿದವನು. ಎಳ್ಳಮವಾಸ್ಯೆ ಆಗಿ ಹದಿನೈದು ದಿನವಾಗಿತ್ತು. ರಸ್ತೆಯ ಎರಡೂ ಬದಿ ಬಿಳಿಜೋಳ ಎದೆಮಟ್ಟ ನಿಂತು ತೂಗುತ್ತಿತ್ತು. ಬಸ್ಸಿನ ತುಂಬ ಯಾಕೋ ಎಲ್ಲರೂ ಮಾತಾಡುತ್ತಿದ್ದರು.

"ಸೀತನಿ ತಗೊರಿ ಸರ. ನಸಿಕಿನ್ಯಾಗ ಸುಟ್ಟು ತಿಕ್ಕಿದ್ದು." ಅಮಸಿದ್ದ ಸುಧೀರನ ಅಂಗೈ ತುಂಬ ಎಳೆ ಜೋಳದ ಹಸಿರು ಕಾಳು ಸುರಿದ. ಇನ್ನೂ ಬೆಚ್ಚಗಿದ್ದವು.

ಸುಧೀರ ಬೇಡವೆನ್ನುವಷ್ಟರಲ್ಲಿ ಕಾಳು ಕೈಯಲ್ಲಿದ್ದವು. ತಿನ್ನಲಿಲ್ಲ, ಚೆಲ್ಲಲೂ ಇಲ್ಲ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಅಂಗಿಯ ಜೇಬಿಗೆ ಹಾಕಿಕೊಂಡ.

"ಇವತ್ತ ಲಕೋಟಿ ಒಡೀತಾರ," ಎಂದ.

"ಒಡೀಲಿ ಬಿಡ್ರಿ."

"ನಿಮ್ಮದು ಖರೆ ಗುಳಿಗಿನೋ ಸುಣ್ಣೋ ಅಂತ ತಿಳಕೋಬೇಕು ಅನಸೂದಿಲ್ಲೇನು?"

"ಏನ್ ತಿಳಕೋಳೂದೈತ್ರಿ ಅದರಾಗ?" ಅಮಸಿದ್ದ ಸೀತನಿ ಅಗಿಯುತ್ತ ಹೇಳಿದ. "ಅರ್ಧ ಐತಿ, ಅರ್ಧ ಇಲ್ಲ. ಎಲ್ಲಾರಿಗೂ ಹಂಗ."

ಎಂಥ ತತ್ವಜ್ಞಾನ, ಎಂದು ಸುಧೀರ ಮನಸ್ಸಿನಲ್ಲೇ ಮೆಚ್ಚಿಕೊಂಡ. ಅಮಸಿದ್ದ ತತ್ವ ಹೇಳಿರಲಿಲ್ಲ, ನಡೆದದ್ದನ್ನು ಹೇಳಿದ್ದ ಎಂದು ಅವನಿಗೆ ಮಧ್ಯಾಹ್ನದ ತನಕ ಗೊತ್ತಾಗಲಿಲ್ಲ.

ದೇವರ ಹಿಪ್ಪರಗಿ ನಾಲ್ಕೂ ಊರಿನವರಿಗೆ ನಡುವೆ ಬರುತ್ತದೆಂದು ತಪಾಸಣೆ ಅಲ್ಲಿ ಇಟ್ಟಿದ್ದರು. ಮುಚ್ಚಿಹೋದ ಒಂದು ತೊಗರಿಬೇಳೆ ಮಿಲ್ಲು. ಮುಂದಿನ ಕೋಣೆಯಲ್ಲಿ ಡಾಕ್ಟರ ಮೇಜು, ರಕ್ತ ತೆಗೆಯುವ ಕುರ್ಚಿ. ಹಿಂದೆ, ಒಂದು ಕಾಲಕ್ಕೆ ಬೇಳೆ ಒಣಗಿಸುತ್ತಿದ್ದ ಅಗಲವಾದ ಕಲ್ಲುಹಾಸಿನ ಅಂಗಳ. ಅಂಗಳದ ಆಚೆ ತುದಿಯ ಗೋಡೆಗೆ ಒಂದು ಬೇವಿನ ಗಿಡ, ಅದರ ಬುಡಕ್ಕೆ ಒಂದು ಕಲ್ಲು. ಅದು ಸುಧೀರನ ಕಲ್ಲು. ಇಪ್ಪತ್ತೆಂಟು ದಿನಕ್ಕೊಮ್ಮೆ ಅವನು ಅಲ್ಲಿ ಕೂತು, ಡಬ್ಬಿ ಬಿಚ್ಚಿ, ಪೇಪರು ಅಗಲವಾಗಿ ಹಿಡಿದು ಊಟ ಮಾಡುತ್ತಿದ್ದ.

ಉಳಿದ ಹನ್ನೊಂದು ಜನ ಕಲ್ಲುಹಾಸಿನ ಮೇಲೆ ಸಾಲಾಗಿ ಕೂಡುತ್ತಿದ್ದರು. ಮನೆಗೊಂದರಂತೆ ಗಂಟು ಬಿಚ್ಚುತ್ತಿದ್ದರು. ಅಲ್ಲಿ ಏಳುತ್ತಿದ್ದ ನಗೆ ಪೇಪರಿನ ಈಚೆಗೂ ಬರುತ್ತಿತ್ತು. ಸಾಯುವುದರಲ್ಲಿದ್ದು ಉಳಿದವರ ನಗೆ ಅದು, ದೊಡ್ಡ ಗಂಟಲಿನದು. ಯಾರಾದರೂ ಕೈಬೀಸಿ ಕರೆಯುತ್ತಿದ್ದರು. ಸುಧೀರ ನಸುನಕ್ಕು ಕೈಯೆತ್ತಿ ಬೇಡವೆನ್ನುತ್ತಿದ್ದ. ಸಂಬಂಧ ಹಿತವಾಗಿತ್ತು.

"ಬಂದ್ರಪಾ ಇಂಡಿಯವ್ರು," ಎಂದ ಬಾಗಿಲಲ್ಲಿ ನಿಂತಿದ್ದ ದಾವಲಮಲಿಕ. ಸಿಂದಗಿಯವನು, ಬಸ್ ಡ್ರೈವರ್ ಆಗಿದ್ದ. ಬಸ್ಸು ಓಡಿಸುವಾಗಲೇ ಎದೆ ಹಿಡಿದು, ಐವತ್ತು ಜನ ಪ್ರಯಾಣಿಕರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಆಮೇಲೆ ಸ್ಟೇರಿಂಗಿನ ಮೇಲೆ ತಲೆಯಿಟ್ಟಿದ್ದ. ಹ್ಯಾಂಡ್ ಬ್ರೇಕಿನ ಮಾತು ಪ್ರತಿ ತಿಂಗಳೂ ಒಮ್ಮೆ ಬರಲೇಬೇಕು. "ಒಳಗ ಹೋಗ್ರಿ ಸರ, ಡಾಕ್ಟರ್ ಬಾಯಾರು ಮೊದಲ ನಿಮ್ಮನ್ನ ಕಳಸಂದಾರ. ನಮಗೆಲ್ಲಾ ಬೈದು ಮುಗಿಸ್ಯಾರ."

ಅವನ ಮುಖ ಬೈಸಿಕೊಂಡವನ ಮುಖದ ಹಾಗಿರಲಿಲ್ಲ. ಅವನ ಕಾಲ ಬಳಿ ಮಣ್ಣುಬಣ್ಣದ ನಾಯಿಯೊಂದು ಬಿಸಿಲು ಕಾಯಿಸುತ್ತ ಮಲಗಿತ್ತು. ಮಿಲ್ಲಿನದೇ ಬೀದಿನಾಯಿ, ಮೈ ಮಾತ್ರ ಎಣ್ಣೆ ಸವರಿದ ಹಾಗೆ ಮಿಂಚುತ್ತಿತ್ತು.

"ಕುಂದರ್ರಿ ಸರ್," ಎಂದಳು ರಾಜೇಶ್ವರಿ. ಅವಳ ಕಣ್ಣು ಕೆಂಪಾಗಿದ್ದವು.

ಮೇಜಿನ ಮೇಲೆ ಹನ್ನೆರಡು ಲಕೋಟೆ ಇರಬೇಕಿತ್ತು. ಒಂದೇ ಇತ್ತು.

"ಉಳಿದಾವು?"

"ವಾಪಸ್ ಕರಿಸ್ಕೊಂಡ್ರಿ ಮುಂಬೈದವ್ರು. ನಮ್ಮ ಕೇಂದ್ರ ಪಟ್ಟಿಯಿಂದ ತಗದಾರ. ಹತ್ತು ತಿಂಗಳದ್ದು ಎಲ್ಲಾ ರದ್ದು."

ಅವಳು ಒಂದು ಹಾಳೆಯನ್ನು ಅವನ ಕಡೆ ತಿರುಗಿಸಿದಳು. ಪ್ರತಿ ತಿಂಗಳ ರಕ್ತದಲ್ಲಿ ಉರಿಯೂತದ ಅಳತೆ, ಒಬ್ಬೊಬ್ಬರಿಗೆ ಒಂದೊಂದು ಗೆರೆ. ಗೆರೆ ಓದುವುದನ್ನು ಸುಧೀರನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗುಳಿಗೆ ಕೆಲಸ ಮಾಡಿದ್ದರೆ ಅರ್ಧ ಗೆರೆಗಳು ಚೆನ್ನಾಗಿ ಇಳಿಯಬೇಕು, ಇನ್ನರ್ಧ ಇದ್ದಲ್ಲೇ ಇರಬೇಕು. ಇಲ್ಲಿ ಹನ್ನೊಂದು ಗೆರೆಗಳು ಒಂದರ ಕೈ ಒಂದು ಹಿಡಿದುಕೊಂಡು, ಒಂದೇ ಇಳಿಜಾರಿನಲ್ಲಿ, ಅರ್ಧದಷ್ಟು ಇಳಿದಿದ್ದವು. ಹನ್ನೆರಡನೆಯ ಗೆರೆಯ ಮೇಲೆ ಬಿಳಿ ಕಾಗದ ಅಂಟಿಸಿತ್ತು.

"ಅದು ನಿಮ್ಮದ್ರಿ. ಲಕೋಟಿ ಒಡದ ಮ್ಯಾಲೆ ನೋಡಬೇಕು."

"ಇವರದು ಹಿಂಗ ಹೆಂಗ ಬಂತು?"

"ಹನ್ನೊಂದೂ ಮಂದಿ ರಕ್ತದಾಗ ಔಷಧ ಸಿಕ್ಕೈತ್ರಿ. ಅದರಾಗ ಐದಾರು ಮಂದಿಗೆ ಸಿಗಬಾರದಿತ್ತು." ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. "ಬೆಳಿಗ್ಗೆ, ಎಲ್ಲಾರಿಗೂ ಊಟಾ ನೀಡತಾಳಲ್ರಿ, ಆ ಸಾವಂತ್ರವ್ವನ್ನ ಕರದು ಕೇಳಿದೆ. ಹೌದ್ರಿ ಅಂದ್ಲು. ಮುಚ್ಚಿಡಲೇ ಇಲ್ಲ. ಮೊದಲನೇ ತಿಂಗಳಿಂದ, ಊಟಕ್ಕ ಕುಂತಾಗ, ಎಲ್ಲಾರ ಬಾಟ್ಲಿ ಒಂದು ಅರಿಬಿ ಮ್ಯಾಲೆ ಸುರುವಿ, ಕಲಿಸಿ, ಸಮಾ ಪಾಲು ಮಾಡಿ ಹಂಚ್ಕೊಂಡಾರ."

ಸುಧೀರ ಹಾಳೆಯನ್ನೇ ನೋಡುತ್ತಿದ್ದ.

"ನಿಮಗ ಗೊತ್ತಿರಲಿಲ್ಲೇನ್ರಿ ಸರ್? ಅಲ್ಲೇ ಇರ್ತಿದ್ರಿ."

"ನಾ ಪೇಪರ್ ಓದ್ತಿದ್ದೆ."

ಬೇಳೆ ಒಣಗಿಸುವ ಅಂಗಳದ ಅಗಲ ನಲವತ್ತು ಹೆಜ್ಜೆ. ಹತ್ತು ತಿಂಗಳು ನಲವತ್ತು ಹೆಜ್ಜೆಯ ಆಚೆ ನಡೆದದ್ದು ಅವನಿಗೆ ಈಗ ಒಂದು ಗೆರೆಯ ಚಿತ್ರದಿಂದ ಗೊತ್ತಾಗುತ್ತಿತ್ತು.

"ಪ್ರತಿ ಸರ್ತಿ ಅವರ ಬಾಟ್ಲಿ ಖಾಲಿ ಇರ್ತಿದ್ವು," ಎಂದಳು ರಾಜೇಶ್ವರಿ. "ಎಷ್ಟ್ ನಿಯತ್ತಿಲೆ ತಗೋತಾರ ಅಂತ ನಾನ ಹೊಗಳೀನಿ. ಮೂವತ್ತು ಗುಳಿಗಿ, ಇಪ್ಪತ್ತೆಂಟು ದಿನ. ಎರಡು ಉಳೀಬೇಕು. ಬರೋಬ್ಬರಿ ಎರಡು ತಂದು ಕೊಡ್ತಿದ್ದವರು ನೀವೊಬ್ರ. ಈಗ ಈ ಕೇಂದ್ರದಾಗ ನಂಬೂವಂಥಾ ರೋಗಿನೂ ನೀವೊಬ್ರ."

ಅದು ಹೊಗಳಿಕೆಯಾಗಿತ್ತು. "ಒಬ್ಬನಿಂದ ಏನು ಸಿದ್ಧ ಆಗ್ತದ?" ಎಂದು ಸುಧೀರ ಕೇಳಿದ.

"ಏನೂ ಇಲ್ರಿ."

ಇದನ್ನೇ ಅವನು ಪ್ರತಿ ಜೂನಿನಲ್ಲಿ ಮೊದಲ ಪಾಠವಾಗಿ ಹೇಳುತ್ತಿದ್ದ.

"ಆದ್ರ ಒಂದು ಮಾತು ಖರೇನ," ಎಂದಳು ಅವಳು. "ಬ್ಯಾರೆ ಊರಾಗ ಹನ್ನೆರಡು ಮಂದ್ಯಾಗ ಒಬ್ರಿಗೋ ಇಬ್ರಿಗೋ ಮತ್ತ ಎದಿನೋವು ಬಂದೈತಿ. ಇಲ್ಲಿ ಒಬ್ರಿಗೂ ಇಲ್ಲ. ಹನ್ನೆರಡೂ ಮಂದಿ ಗಟ್ಟಿ ಅದೀರಿ. ಯಾಕ ಅಂತ ಬರಿಯಾಕ ಬರೂದಿಲ್ಲ, ಅಷ್ಟ." ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ, ಬಿಳಿ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. "ಸೋಮವಾರ ಮುಂಬೈಗಿ ಹೋಗಿ ಬೈಸ್ಕೋಬೇಕು ನಾನು. ಏನಂತ ಹೇಳಲಿ? ಸಾಲಿನ್ಯಾಗ ಕುಂತಿದ್ರು, ಅದಕ್ಕ ಹಂಚ್ಕೊಂಡ್ರು ಅಂತ ಹೇಳಲ್ಯಾ?"

ಲಕೋಟೆಯನ್ನು ಅವನ ಕೈಗೆ ಕೊಟ್ಟಳು. ಅವನ ಹೆಸರಿರಲಿಲ್ಲ, ಬರೀ ನಂಬರು. ಇಲ್ಲೇ ಒಡೆಯಬಹುದಿತ್ತು. "ಹೊರಗ ಒಡೀತೀನಿ," ಎಂದು ಎದ್ದ.

ಅವನಿಗೆ ಸಿಟ್ಟು ಬರಬೇಕಿತ್ತು. ವಿಜ್ಞಾನದ ಪರವಾಗಿ, ಹತ್ತು ತಿಂಗಳ ಪರವಾಗಿ, ಆ ಹುಡುಗಿಯ ಕೆಂಪು ಕಣ್ಣಿನ ಪರವಾಗಿ. ಸಿಟ್ಟು ಬರಲಿಲ್ಲ. ಬಂದದ್ದು ಹೊಟ್ಟೆಕಿಚ್ಚು.

ಅಂಗಳದಲ್ಲಿ ಸಾವಂತ್ರವ್ವ ಆಗಲೇ ಗಂಟು ಬಿಚ್ಚುತ್ತಿದ್ದಳು. ಮುದ್ದೇಬಿಹಾಳದ ಒಂದು ವಿದ್ಯಾರ್ಥಿನಿಲಯದಲ್ಲಿ ಇಪ್ಪತ್ತೈದು ವರ್ಷ ಅಡಿಗೆ ಮಾಡಿದವಳು. ಅವಳ ದನಿಗೆ ನೂರು ಹುಡುಗರು ತಾಟು ಹಿಡಿದು ಸಾಲುಗಟ್ಟುತ್ತಿದ್ದರಂತೆ. ಸಜ್ಜಿ ರೊಟ್ಟಿಯ ಅಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಖಾರದ ಶೇಂಗಾ ಹಿಂಡಿ, ಗಡಿಗೆಯಲ್ಲಿ ಮೊಸರು. ಪರೀಕ್ಷೆ ರದ್ದಾದ ಸುದ್ದಿ ಅಲ್ಲಿಗೂ ತಲುಪಿತ್ತು, ಯಾರ ಹಸಿವೂ ಕಡಿಮೆಯಾಗಿರಲಿಲ್ಲ.

"ಸಾವಂತ್ರವ್ವ, ಯಾಕ ಹಿಂಗ ಮಾಡಿದ್ರಿ?" ಸುಧೀರನ ದನಿ ತರಗತಿಯ ದನಿಯಾಗಿತ್ತು.

"ಏನ್ ಮಾಡಿದೆನ್ರಿ?"

"ಗುಳಿಗಿ ಕಲಿಸಿದ್ರಿ. ಅದು ಪರೀಕ್ಷಾ ಇತ್ತು. ಯಾರಿಗೆ ಯಾವುದು ಬಂದದೋ ಅದನ್ನ ತಗೋಬೇಕಿತ್ತು."

ಅವಳು ರೊಟ್ಟಿ ಎಣಿಸುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಬಾಯಾರು ಮೊದಲನೇ ದಿನಾನ ಹೇಳಿದ್ರಲ್ರಿ, ಅರ್ಧ ಮಂದಿಗೆ ಔಷಧ, ಅರ್ಧ ಮಂದಿಗೆ ಸುಣ್ಣ ಅಂತ. ಆಮ್ಯಾಲೆ ಊಟಕ್ಕ ಕುಂತ್ವಿ. ಒಂದ ಸಾಲಿನ್ಯಾಗ ಕುಂತು, ಒಬ್ರಿಗೆ ತುಪ್ಪಾ ನೀಡಿ, ಬಾಜೂಕ ಕುಂತವ್ರಿಗೆ ನೀರ ನೀಡೂದು ಹೆಂಗ್ರಿ? ನನಗಂತೂ ಕೈ ಬರಲಿಲ್ಲ. ಇಪ್ಪತ್ತೈದು ವರ್ಷ ನೀಡೀನಿ, ಹಂಗ ಒಂದಿನಾ ನೀಡಿಲ್ಲ."

"ಆವಾಗ ನಾನ ಮೊದಲ ಬಾಟ್ಲಿ ಸುರುವಿದೆ," ಎಂದ ದಾವಲಮಲಿಕ, ಹ್ಯಾಂಡ್ ಬ್ರೇಕಿನ ಮಾತು ಹೇಳುವಾಗಿನ ಹೆಮ್ಮೆಯಲ್ಲೇ. "ಮುಂದ ಅಮಸಿದ್ದ. ಮುಂದ ಎಲ್ಲಾರೂ."

"ನಿಮ್ಮನ್ನೂ ಕರದೆವಿ," ಎಂದಳು ಸಾವಂತ್ರವ್ವ. "ನೀವು ಅಲ್ಲಿಂದನ ಕೈ ಮಾಡಿ ಬ್ಯಾಡಂದ್ರಿ. ನಿಮ್ಮ ಬಾಟ್ಲಿ ನಿಮ್ಮ ಕಡೇನ ಉಳೀತು."

ಸುಧೀರನಿಗೆ ನೆನಪಾಯಿತು. ಮೊದಲನೆಯ ತಿಂಗಳು, ಏಪ್ರಿಲ್, ಸುಡುವ ಬಿಸಿಲು. ರೊಟ್ಟಿಗೆ ಕರೆಯುತ್ತಿದ್ದಾರೆ ಎಂದುಕೊಂಡು ಎಷ್ಟು ಸೌಜನ್ಯದಿಂದ ಕೈಯೆತ್ತಿದ್ದ.

"ಹಂಗಂತ ನಿಮ್ಮ ಪಾಲು ಬಿಡಾಕ ಆಗತೈತೇನು?" ಅವಳು ಚೀಲದ ತಳಕ್ಕೆ ಕೈಹಾಕಿ ಹಾಲಿನ ಪುಡಿಯ ಹಳೆಯ ತಗಡಿನ ಡಬ್ಬಿಯೊಂದನ್ನು ತೆಗೆದಳು. "ಬಾಟ್ಲಿ ಹನ್ನೊಂದು, ಪಾಲು ಹನ್ನೆರಡು. ಪ್ರತಿ ತಿಂಗಳಾ ಇಪ್ಪತ್ತೇಳು ಇಪ್ಪತ್ತೇಳು ಬರ್ತಿದ್ವು. ನಮಗ ಕಡೀ ದಿನ ಒಂದು ಗುಳಿಗಿ ತಪ್ಪತಿತ್ತು, ಅದೇನ್ ದೊಡ್ಡ ಮಾತಲ್ಲ. ನಿಮ್ಮದು ಇದರಾಗ ಐತಿ. ಇವತ್ತಲ್ಲ ನಾಳೆ ಬಂದು ಕೇಳ್ತೀರಿ ಅಂತ ಇಟ್ಟೀನಿ. ತಗೊರಿ."

ಅವನು ತೆಗೆದುಕೊಂಡ. ಡಬ್ಬಿ ಭಾರವಾಗಿತ್ತು. ಅಲುಗಿಸಿದರೆ ಮಳೆ ಬಂದ ಹಾಗೆ ಸದ್ದಾಯಿತು.

ಒಂದು ಕೈಯಲ್ಲಿ ಲಕೋಟೆ, ಒಂದು ಕೈಯಲ್ಲಿ ಡಬ್ಬಿ ಹಿಡಿದು ಸುಧೀರ ಬಿಸಿಲಲ್ಲಿ ನಿಂತ. ಬೆಳಿಗ್ಗೆ ಪ್ರಶ್ನೆ ಸುಲಭವಾಗಿತ್ತು. ಈಗ ಲಕೋಟೆಯಲ್ಲಿ ಏನೇ ಬರೆದಿದ್ದರೂ ಅವನಿಗೆ ಉತ್ತರ ಗೊತ್ತಿತ್ತು. ನಿಜದ ಗುಳಿಗೆ ಅಂತಿದ್ದರೆ, ಉಳಿದವರು ಅರ್ಧರ್ಧ ಹಂಚಿಕೊಳ್ಳುವಾಗ ಪೇಪರಿನ ಮರೆಯಲ್ಲಿ ಒಬ್ಬನೇ ತುಪ್ಪ ತಿಂದವನು. ಸುಣ್ಣ ಅಂತಿದ್ದರೆ, ತನಗೆಂದು ಎತ್ತಿಟ್ಟ ತುಪ್ಪವನ್ನು ಹತ್ತು ತಿಂಗಳು ಕೈಯೆತ್ತಿ ಬೇಡವೆಂದವನು. ಅವನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಕೇಳದೆ, ಸಂತೋಷ ನುಗ್ಗಿ ಬಂತು. ತನಗೊಂದು ಪಾಲಿತ್ತು. ತಾನು ನಾಲಿಗೆಯ ಮೇಲೆ ಸುಣ್ಣ ಹುಡುಕುತ್ತಿದ್ದ ಪ್ರತಿ ಬೆಳಿಗ್ಗೆಯೂ ಅದು ಮುದ್ದೇಬಿಹಾಳದ ಯಾವುದೋ ಗೂಡಿನಲ್ಲಿ ಕಾಯುತ್ತಿತ್ತು.

"ಒಡೀರಲಾ ಸರ, ನೋಡೂಣು," ಎಂದ ದಾವಲಮಲಿಕ. ಎಲ್ಲರ ಮುಖ ಲಕೋಟೆಯ ಕಡೆ ತಿರುಗಿತ್ತು. ಅವರಿಗೆ ಅದೊಂದು ಮೋಜು. "ನಾ ಖರೆ ಗುಳಿಗಿ ಅಂತೀನಿ. ಮುಖದಾಗ ಕಳಾ ಐತಿ."

"ಸುಣ್ಣ," ಎಂದ ಅಮಸಿದ್ದ. "ಸೀತನಿ ತಿನ್ನಾಕನ ಅಂಜತಾರ."

ಎಲ್ಲರೂ ನಕ್ಕರು. ಸುಧೀರನೂ ನಕ್ಕ. "ಊಟಾ ಆಗಲಿ, ಆಮ್ಯಾಲೆ ನೋಡೂಣು," ಎಂದ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ನನಗೂ ಇಲ್ಲೇ ನೀಡ್ರಿ."

ಎಲ್ಲರೂ ಒಟ್ಟಿಗೆ ಸರಿದರು. ಸರಿಯುವ ಅಗತ್ಯವೇ ಇರಲಿಲ್ಲ. ಸಾಲಿನ ತುದಿಯಲ್ಲಿ, ದಾವಲಮಲಿಕನ ಪಕ್ಕ, ಆಗಲೇ ಒಂದು ಜಾಗ ಖಾಲಿ ಇತ್ತು. ಜಾಗದ ಮುಂದೆ ಹನ್ನೆರಡನೆಯ ತಾಟು ಇತ್ತು. ಸಾವಂತ್ರವ್ವ ಪ್ರತಿ ತಿಂಗಳೂ ಅದನ್ನು ಇಡುತ್ತಿದ್ದಳಂತೆ.

ಸುಧೀರ ಶ್ರೀವಾಣಿಯ ಡಬ್ಬಿಯನ್ನೂ ಪೇಪರನ್ನೂ ಬೇವಿನ ಬುಡದ ಕಲ್ಲಿನ ಮೇಲೆ ಇಟ್ಟುಬಂದ. ಬಿಳಿ ಅಂಗಿಯ ತೋಳು ಮಡಚಿ ಚಕ್ಕಳಬಕ್ಕಳ ಹಾಕಿ ಕೂತ. ಗಾಳಿಗೆ ಹಾರದಿರಲೆಂದು ಲಕೋಟೆಯನ್ನು ತಾಟಿನ ಕೆಳಗೆ ಸಿಕ್ಕಿಸಿದ. ರೊಟ್ಟಿ ಬಿತ್ತು, ಎಣ್ಣೆಗಾಯಿ ಬಿತ್ತು, ಹಿಂಡಿ ಬಿತ್ತು, ಅದರ ಮೇಲೆ ಮೊಸರು. ಜೇಬಿನಲ್ಲಿದ್ದ ಸೀತನಿಯನ್ನೂ ತೆಗೆದು ತಾಟಿನ ಅಂಚಿಗೆ ಹಾಕಿಕೊಂಡ. ಮೊದಲ ತುತ್ತು ಬಾಯಿಗಿಟ್ಟು ಕಾದ. ಗಂಟಲು ಒಂದು ಕ್ಷಣ ಯೋಚಿಸಿತು, ಆಮೇಲೆ ಬಿಟ್ಟುಕೊಟ್ಟಿತು. ಉಪ್ಪು ಜಾಸ್ತಿ ಇರಲಿಲ್ಲ. ಹತ್ತು ತಿಂಗಳಿಂದ ಸಾವಂತ್ರವ್ವ ಎಲ್ಲರಿಗೂ ಉಪ್ಪು ಕಡಿಮೆ ಮಾಡಿಯೇ ತರುತ್ತಿದ್ದಳು.

ಆಹಾ, ಎಷ್ಟು ರುಚಿ ಎಂದುಕೊಂಡ. ಕಣ್ಣಲ್ಲಿ ನೀರು ಬಂತು, ಹಿಂಡಿಯ ಖಾರ ಎಂದ.

"ಮುಂದಿನ ತಿಂಗಳೂ ಬರೂದ ಮತ್ತ," ಎಂದ ದಾವಲಮಲಿಕ. "ಪರೀಕ್ಷಾ ರದ್ದಾದ್ರ ಆತು. ಊಟಾ ಏನ್ ರದ್ದಾಗಿಲ್ಲಲ್ಲ. ಬಾಯಾರು ಬಂದ್ರ ಅವ್ರಿಗೂ ಒಂದು ತಾಟು."

"ಬರ್ತೀನಿ," ಎಂದ ಸುಧೀರ. ಇಷ್ಟು ಖಾತ್ರಿಯಾಗಿ ಅವನು ಏನನ್ನೂ ಹೇಳಿ ಬಹಳ ವರ್ಷಗಳಾಗಿದ್ದವು.

ಎರಡನೆಯ ತುತ್ತು ಎತ್ತುವಾಗ ಎದುರಿಗೆ ಏನೋ ಬಂದು ಕೂತಿತು. ಬಾಗಿಲಲ್ಲಿ ಬಿಸಿಲು ಕಾಯಿಸುತ್ತಿದ್ದ ಮಣ್ಣುಬಣ್ಣದ ನಾಯಿ. ತಾಟಿನಿಂದ ಒಂದು ಮೊಳ ದೂರದಲ್ಲಿ, ಮುಂಗಾಲು ಜೋಡಿಸಿ, ಬೇರೆ ಯಾರ ತಾಟನ್ನೂ ನೋಡದೆ, ಅವನ ತಾಟನ್ನೇ ನೋಡುತ್ತ ಕೂತಿತ್ತು. ಬೊಗಳಲಿಲ್ಲ. ಬಾಲ ಮೆಲ್ಲಗೆ ನೆಲ ಒರೆಸುತ್ತಿತ್ತು.

"ಏ, ಹೋಗಾ ಅತ್ಲಾಗ," ಎಂದಳು ಸಾವಂತ್ರವ್ವ, ಮುನಿಸಿಲ್ಲದ ದನಿಯಲ್ಲಿ. "ಅದಕ್ಕೇನ್ ಗೊತ್ರಿ. ನಿಮ್ಮ ತಾಟು ನೀಡಿ ಇಡ್ತಿದ್ದೆವಿ. ನೀವು ಬರಲಿಲ್ಲಂದ್ರ ಕಡೀಕ ಅದ ತಿಂತಿತ್ತು. ಹತ್ತು ತಿಂಗಳಾತು. ಯಾರೋ ಹೊಸಬ್ರು ಬಂದು ತನ್ನ ಜಾಗಾದಾಗ ಕುಂತಾರ ಅಂತ ನೋಡಾಕತ್ತೈತಿ."

ಸಾಲು ಮತ್ತೆ ನಕ್ಕಿತು. ಸುಧೀರನೂ ನಗುತ್ತಲೇ ರೊಟ್ಟಿಯನ್ನು ಅರ್ಧ ಮುರಿದು ಕೈಚಾಚಿದ. ನಾಯಿ ಕೈಯನ್ನು ನೋಡಿತು, ಅವನ ಮುಖವನ್ನು ನೋಡಿತು. ಮುಂದೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಎದ್ದು, ಅವಸರವಿಲ್ಲದೆ ಅಂಗಳ ದಾಟಿತು.

ಬೇವಿನ ಬುಡದ ಕಲ್ಲಿನ ಹತ್ತಿರ, ಕೊಂಡಿ ಬಿಗಿದ ಡಬ್ಬಿ ಮತ್ತು ಮಡಚಿದ ಪೇಪರಿನ ಪಕ್ಕದಲ್ಲಿ, ಅದು ಗೋಡೆಗೆ ಬೆನ್ನು ಹಚ್ಚಿ ಕೂತಿತು. ಅಲ್ಲಿಂದ ಇಡೀ ಸಾಲು ಕಾಣುತ್ತಿತ್ತು. ಸುಧೀರ ಅರ್ಧ ರೊಟ್ಟಿಯನ್ನು ಇನ್ನಷ್ಟು ಎತ್ತರಕ್ಕೆ ಹಿಡಿದು ಬಾ ಎಂದು ಕೈಬೀಸಿ ಕರೆದ. ಪಕ್ಕದಲ್ಲಿ ದಾವಲಮಲಿಕ ಹ್ಯಾಂಡ್ ಬ್ರೇಕಿನ ಕಥೆ ಶುರುಮಾಡಿದ್ದ, ಯಾರೋ ಮೊಸರು ಕೇಳುತ್ತಿದ್ದರು, ತಾಟಿನ ಕೆಳಗೆ ಲಕೋಟೆಯ ಒಂದು ಮೂಲೆ ಗಾಳಿಗೆ ಪಟಪಟ ಅನ್ನುತ್ತಿತ್ತು. ನಲವತ್ತು ಹೆಜ್ಜೆಯ ಆಚೆ ನಾಯಿ ಅವನ ಕಡೆ ನೋಡಿ, ಒಂದು ಮುಂಗಾಲು ನೆಲದಿಂದ ಸ್ವಲ್ಪ ಮೇಲೆತ್ತಿ, ಮತ್ತೆ ಇಳಿಸಿತು.